ತುಟಿ ತಾಗದ ವೈನ್

ಕಲಂಗುಟಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಗಾಜಿನ ಕೋಣೆಯೊಂದರಲ್ಲಿ ಬಂದವರಿಗೆ ವೈಟ್ ವೈನ್ ರುಚಿ ತೋರಿಸುವುದು ನನ್ನ ಕೆಲಸ. ಇಳಿಬಿಸಿಲು ಗ್ಲಾಸಿನೊಳಗೆ ಬಿದ್ದು ಜೇನಿನ ಬಣ್ಣಕ್ಕೆ ತಿರುಗುವಾಗ ಎಂಥವರೂ ಸ್ವಲ್ಪ ತೇಲುತ್ತಾರೆ. ಹಾಗೆ ತೇಲುವಾಗಲೇ ಇಲ್ಲಿ ಏನಾದರೊಂದು ನಡೆಯುತ್ತದೆ. ಧಾರವಾಡ ಕಡೆಯಿಂದ ಬಂದ ಹುಡುಗಿ ನಾನು, ಮಾತೆಂದರೆ ನಾಚಿಕೆ. ಮ್ಯಾನೇಜರ್ ಹೇಳಿಯೇಬಿಟ್ಟಿದ್ದರು: “ಸೀಸನ್ ಮುಗಿಯುವುದರೊಳಗೆ ಬಾಯಿ ಬಿಡದಿದ್ದರೆ ಕೆಲಸ ಇಲ್ಲ.”

ಕಣ್ಣು ಮುಚ್ಚಿ

ವೈನ್ ಮೊದಲು ಮೂಗಿಗೆ, ಆಮೇಲೆ ಬಾಯಿಗೆ. ಮೊದಲ ಸಲ ನನಗೊಪ್ಪಿಸಿದ ಗುಂಪಿನೆದುರು ಈ ಒಂದು ಮಾತೂ ಹೊರಡಲಿಲ್ಲ. ಧೈರ್ಯಕ್ಕೆಂದು ಗ್ಲಾಸು ಮೂಸುತ್ತಾ ಕಣ್ಣು ಮುಚ್ಚಿದೆ. ನಿಂಬೆ ಸಿಪ್ಪೆ, ಹಸಿರು ಸೇಬು, ಅದರ ಹಿಂದೆ ಮಳೆ ನಿಂತ ಮೇಲಿನ ಕಲ್ಲಿನ ತಣ್ಣನೆಯ ವಾಸನೆ... ಎಲ್ಲಿಗೋ ಹೋಗಿಬಿಟ್ಟೆ. ಇದೇ ಕ್ರಮವಿರಬೇಕೆಂದು ಅತಿಥಿಗಳೂ ಕಣ್ಣು ಮುಚ್ಚಿ, ತಲೆ ಬಗ್ಗಿಸಿ ನಿಂತರು. ಬಾಗಿಲು ತೆರೆದ ಮ್ಯಾನೇಜರ್ ಅಲ್ಲೇ ನಿಂತು ಪಿಸುಗುಟ್ಟಿದರು: “ತೀರಿಕೊಂಡವರು ಯಾರು?”

ಹಿತ್ತಾಳೆ ಬಟ್ಟಲು

ಹಲವು ವೈನ್ ರುಚಿ ನೋಡುವವರು ನುಂಗದೆ ಉಗುಳಲೆಂದು ಮೇಜಿನ ಮೇಲೆ ಹಿತ್ತಾಳೆ ಬಟ್ಟಲು ಇಟ್ಟಿರುತ್ತೇವೆ. ಮಡಗಾವಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬೆಳಗಾವಿಯ ಕಾಕಾ ಒಬ್ಬರು ಅದನ್ನು ಕಂಡು ಅರಳಿದರು.

“ಇದರಾಗ ಉಗುಳಬಹುದೇನವಾ?”

“ಹೌದ್ರಿ ಕಾಕಾ, ಅದಕ್ಕ ಇಟ್ಟದ್ದು.”

“ಭಾಳ ಚಲೋ ವ್ಯವಸ್ಥಾ! ಊರೆಲ್ಲಾ ಹಿಂಗ ಇರಬೇಕ ನೋಡು.”

ನಾನು ಬಾಟಲಿ ತೆರೆಯುವಷ್ಟರಲ್ಲಿ ಅವರು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಜಗಿದು, ಬಟ್ಟಲಿನ ಕೆಲಸವನ್ನೂ ಮುಗಿಸಿದ್ದರು. ಪಕ್ಕದ ಮೇಜಿನ ಮುಂಬೈ ಹೆಂಗಸು ಬಟ್ಟಲೊಳಗೆ ಇಣುಕಿದಳು: “ನಮಗೆ ಈ ಬಿಳಿಯದು ಬೇಡ. ಅವರಿಗೆ ಕೊಟ್ಟ ಕೆಂಪನ್ನೇ ಕೊಡಿ.”

ಕೊನೆಯ ವಾರ

ನನ್ನ ಪರೀಕ್ಷೆಗೆಂದು ಮ್ಯಾನೇಜರ್ ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಎದುರಿಗೆ ಧಾರವಾಡದ ಮನೆಮಂದಿ: ಅಣ್ಣ, ತಮ್ಮ, ಹೆಂಡಂದಿರು, ಜೊತೆಗೆ ಸಮುದ್ರ ನೋಡಲು ಬಂದ ಅಜ್ಜಿ. ಬಾಯಿಪಾಠ ಮಾಡಿದ ಇಂಗ್ಲಿಷ್ ಮೊದಲ ಸಾಲಿಗೇ ಮರೆತುಹೋಯಿತು.

ಅಜ್ಜಿ ಗ್ಲಾಸು ಮೂಸಿದರು. “ನಾ ಕುಡಿಯಾಂಗಿಲ್ಲ. ಆದ್ರ ಈ ಘಮ ಯಾವುದರದ ಹೇಳವಾ.”

“ಮಾವಿನಕಾಯಿ ಹೆಚ್ಚಿದಾಗ ಬರ್ತೈತಲ್ರಿ ಅಜ್ಜಿ, ಅದು. ಅದರ ಹಿಂದ ಪೇರಲ ಹಣ್ಣು. ಬಾಯಾಗ ಒಂಚೂರು ಹೊತ್ತು ಇಟ್ಕೊಂಡ್ರ ತಾನ ಅರಳತೈತ್ರಿ.”

ಮಾತು ಹೀಗೆ ಹರಿಯುತ್ತದೆಂದು ನನಗೇ ಗೊತ್ತಿರಲಿಲ್ಲ. ಮ್ಯಾನೇಜರಿಗೆ ಭಾಷೆ ತಿಳಿಯದಿದ್ದರೂ ಕಟ್ಟಿದ ಕೈ ಬಿಚ್ಚಿದರು.

ಅಣ್ಣ ರುಚಿ ನೋಡಿ ಅದೇ ಗ್ಲಾಸನ್ನು ತಮ್ಮನಿಗೆ ಕೊಡಲು ಹೊರಟಿದ್ದ. “ಎಂಜಲಾ ಮಾಡಬ್ಯಾಡ್ರೋ!” ಅಜ್ಜಿ ಗದರಿದರು. ಸರಿ, ಅಣ್ಣ ಬೇರೆ ಗ್ಲಾಸು ತೆಗೆದುಕೊಂಡು, ತಲೆ ಹಿಂದಕ್ಕೆ ವಾಲಿಸಿ, ಮನೆಯಲ್ಲಿ ತಂಬಿಗೆ ನೀರು ಕುಡಿಯುವ ಹಾಗೆ ಗೇಣೆತ್ತರದಿಂದ ಬಾಯಿಗೆ ಸುರಿದುಕೊಂಡ. ಸಂಜೆ ಬೆಳಕಿನಲ್ಲಿ ಬಂಗಾರದ ಎಳೆಯೊಂದು ಇಳಿಯಿತು. ಹಿಂದೆಯೇ ಅದೇ ಗ್ಲಾಸಿನಿಂದ ತಮ್ಮ, ಹೆಂಡಂದಿರು. ಒಂದು ತುಟಿಯೂ ತಾಗಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ.

“ಏನಿದು?” ಮ್ಯಾನೇಜರ್ ಎದ್ದು ಬಂದರು. ಕೆಲಸ ಹೋಯಿತು ಅಂದುಕೊಂಡೆ. ಆದರೆ ಬಿಚ್ಚಿದ ಬಾಯಿ ಮುಚ್ಚಲಿಲ್ಲ. “ನಮ್ಮ ಕಡೆಯ ಪದ್ಧತಿ ಸರ್. ಗಾಳಿ ಸೇರಿ ಘಮ ಹೆಚ್ಚುತ್ತದೆ.”

ಕೆಲಸ ಕಾಯಂ ಆಯಿತು. ಮರುದಿನ ವಿದೇಶಿ ಅತಿಥಿಗಳೆದುರು ಮ್ಯಾನೇಜರ್ “ಇದು ಧಾರವಾಡದ ಪುರಾತನ ಪದ್ಧತಿ” ಎಂದು ಗಂಭೀರವಾಗಿ ಗ್ಲಾಸೆತ್ತಿ ಸುರಿದುಕೊಂಡರು. ಮೂಗು, ಕನ್ನಡಕ, ಟೈ ಎಲ್ಲಾ ಘಮಘಮ. ಬಾಯಿಗೆ ಹನಿಯೂ ಇಲ್ಲ. ಅವರು ನನ್ನತ್ತ ದೀನವಾಗಿ ನೋಡಿದರು.

ನಾನು ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದೆ: “ನೋಡಿದಿರಲ್ಲ, ವೈನ್ ಮೊದಲು ಮೂಗಿಗೆ.”