ಸಂಜೆ ಐದೂವರೆಯೊಳಗೆ ಅಸಾಧಾರಣ

ಧನಶ್ರೀ ಮಾಡಿದ ತಪ್ಪು ಒಂದೇ. ಬೆಳಿಗ್ಗೆ ಆರೂವರೆಗೆ ಬಂದ ಮೇಲ್ ಓದಿ, ಅಡುಗೆಮನೆಯಲ್ಲಿದ್ದ ತಾಯಿ ಅಕ್ಕಯಮ್ಮನಿಗೆ ವಿಷಯ ಹೇಳಿಬಿಟ್ಟಳು. ಅದೂ ಮಿಕ್ಸಿ ತಿರುಗುತ್ತಿದ್ದಾಗ, ಮೆಲ್ಲಗೆ, ಅರ್ಧ ಕೇಳಿಸದಿದ್ದರೆ ಒಳ್ಳೆಯದೆಂಬ ಆಸೆಯಿಂದ. ಅಮ್ಮ ಮಿಕ್ಸಿ ನಿಲ್ಲಿಸಿದರು. ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಆ ದಿನ ಅಲ್ಲಿಂದ ಹದಗೆಟ್ಟಿತು.

ವಿಷಯವಿಷ್ಟೆ. ಅಮೆರಿಕದಲ್ಲಿ ಕೆಲಸ ಮಾಡುವ ವೀಸಾಕ್ಕೆ ಲಾಟರಿ ಎತ್ತುತ್ತಾರೆ. ಧನಶ್ರೀಯ ಹೆಸರನ್ನು ಅವಳು ಅಲ್ಲಿ ಕೆಲಸಕ್ಕಿದ್ದ ಬೀಜದ ಕಂಪನಿ ಮೂರು ವರ್ಷ ಹಾಕಿತ್ತು. ಮೂರು ವರ್ಷವೂ ಹೆಸರು ಬರಲಿಲ್ಲ. ಅಲ್ಲೇ ಓದಿದ ಮೇಲೆ ಸಿಕ್ಕ ಕೆಲಸದ ಪರವಾನಗಿ ಮುಗಿದು ಫೆಬ್ರುವರಿಯಲ್ಲಿ ಊರಿಗೆ ಬಂದು ಕೂತಿದ್ದಳು. ಅಲ್ಲಿನ ಗಾಜಿನ ಮನೆಯಲ್ಲಿ ಅವಳ ನಲವತ್ತೆರಡು ಕುಂಡ ಟೊಮೇಟೊ ಗಿಡಗಳಿದ್ದವು. ಎಲೆ ಮುದುರು ರೋಗ ತಡೆಯಲೆಂದು ಅವಳೇ ಕೂಡಿಸಿ ಬೆಳೆಸಿದ ತಳಿ, ಆರನೇ ತಲೆಮಾರು. ಜೂನ್ ಒಳಗೆ ಅವಳು ಹೋಗದಿದ್ದರೆ ಆ ಜಾಗ ಬೇರೆಯವರಿಗೆ, ಗಿಡಗಳು ಗೊಬ್ಬರದ ಗುಂಡಿಗೆ.

ಕಂಪನಿಯ ವಕೀಲೆ ಉಳಿದ ದಾರಿಗಳನ್ನೆಲ್ಲ ತಡಕಿದ್ದಳು. ಲಾಟರಿಯ ಹಂಗಿಲ್ಲದ ವಿಶ್ವವಿದ್ಯಾಲಯದ ಕೆಲಸ ಖಾಲಿಯಿರಲಿಲ್ಲ. ಕೆನಡಾದಲ್ಲಿ ಕಂಪನಿಗೆ ಜಾಗವಿರಲಿಲ್ಲ. ಮತ್ತೆ ಕಾಲೇಜು ಸೇರಲು ಧನಶ್ರೀಗೆ ಮೂವತ್ತೊಂದನೇ ವಯಸ್ಸಿನಲ್ಲಿ ನಾಚಿಕೆ. ಉಳಿದದ್ದು ಒಂದೇ ಬಾಗಿಲು: ಅಸಾಧಾರಣ ಪ್ರತಿಭೆಯವರಿಗೆಂದೇ ಇರುವ ವೀಸಾ. “ನಿನ್ನ ಪ್ರಬಂಧಗಳು ಚೆನ್ನಾಗಿವೆ,” ಎಂದು ವಕೀಲೆ ಬರೆದಿದ್ದಳು. “ಆದರೆ ನಿನ್ನನ್ನು ಜನ ಮೆಚ್ಚಿದ್ದಕ್ಕೆ ಒಂದು ತುಂಡು ಕಾಗದವೂ ಇಲ್ಲ. ಪತ್ರಿಕೆಯ ವರದಿ, ಒಂದು ಸನ್ಮಾನ, ನೀನು ತೀರ್ಪುಗಾರಳಾಗಿದ್ದಕ್ಕೆ ಸಾಕ್ಷಿ, ಬಲ್ಲವರ ಪತ್ರ ಬೇಕು. ಕಂಪನಿಯ ಸಭೆ ನಮ್ಮ ಬೆಳಿಗ್ಗೆ ಎಂಟಕ್ಕೆ, ನಿನಗೆ ಇವತ್ತು ಸಂಜೆ ಐದೂವರೆ. ಅಷ್ಟರೊಳಗೆ ಕಳಿಸು. ಕನ್ನಡದಲ್ಲಿದ್ದರೆ ಚಿಂತೆಯಿಲ್ಲ, ನಮ್ಮಲ್ಲಿ ಅನುವಾದಕರಿದ್ದಾರೆ.”

ಧನಶ್ರೀಗೆ ಪ್ರತಿಭೆ ಇಲ್ಲವೆಂದಲ್ಲ. ಅದನ್ನು ಯಾರಾದರೂ ನೋಡಿಬಿಟ್ಟಾರೆಂಬುದೇ ಅವಳ ಭಯ. ಶಾಲೆಯಲ್ಲಿ ಹಾಜರಿ ಕೂಗಿದಾಗ “ಪ್ರೆಸೆಂಟ್” ಎನ್ನಲು ಸಂಕೋಚಪಟ್ಟು ಒಂದು ತಿಂಗಳು ಗೈರುಹಾಜರಿ ಬಿದ್ದವಳು ಅವಳು. ಗಾಜಿನ ಮನೆ ಅವಳಿಗೆ ಇಷ್ಟವಾದದ್ದೂ ಅದಕ್ಕೇ. ಟೊಮೇಟೊ ಗಿಡಗಳು ಮದುವೆ ಯಾವಾಗ ಎಂದು ಕೇಳುವುದಿಲ್ಲ.

“ಸನ್ಮಾನ ತಾನೇ? ನಿಮ್ ಚಿಕ್ಕಪ್ಪಂಗೆ ಫೋನ್ ಮಾಡ್ತೀನಿ ತಡಿ,” ಎಂದರು ಅಕ್ಕಯಮ್ಮ.

“ಬೇಡಮ್ಮಾ! ಎಲ್ಲಾರ್ಗೂ ಬೇಕಾದ್ರೆ ಹೇಳು, ಚಿಕ್ಕಪ್ಪಂಗೆ ಮಾತ್ರ ಬೇಡ!”

ಆದರೆ ಫೋನು ಆಗಲೇ ರಿಂಗಾಗುತ್ತಿತ್ತು.

ಚಿಕ್ಕಪ್ಪ ವೇಣುಗೋಪಾಲ್ ಕೋಲಾರದ ಟೊಮೇಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಹರಾಜು ಕೂಗುವವರು. ಮೈಕ್ ಕೆಟ್ಟ ದಿನ ಮಾರುಕಟ್ಟೆಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಅಂಥ ಗಂಟಲು. ಹತ್ತು ನಿಮಿಷದಲ್ಲಿ ಬೈಕು ಅಂಗಳಕ್ಕೆ ಬಂತು. ಹಿಂದೆ ಚಿಕ್ಕಮ್ಮ ಆದಿಲಕ್ಷ್ಮಿ.

“ಅಸಾಧಾರಣ ಅಂತ ಪ್ರೂಫ್ ಬೇಕಾ ತಲ್ಲೀ? ಅಷ್ಟೇನಾ? ಸಂಜೆ ಒಳ್ಗೆ ಮೂರು ತಾಲ್ಲೂಕ್ಗೂ ನಿನ್ನ ಅಸಾಧಾರಣ ಮಾಡಿ ಕೊಡ್ತೀನಿ!”

“ಚಿಕ್ಕಪ್ಪಾ, ಸುಳ್ಳು ಮಾತ್ರ ಬೇಡ.”

“ಸುಳ್ಯಾಕಮ್ಮ? ಎಂಥಾ ಒಳ್ಳೇ ಮಾಲಾದ್ರೂ ಬಾಕ್ಸಲ್ಲಿ ಸುಮ್ನೆ ಕೂತಿದ್ರೆ ಯಾವನು ಕೇಳ್ತಾನೆ? ಕೂಗ್ಬೇಕು. ನೀನು ಕೂಗಲ್ಲ, ನಾನ್ ಕೂಗ್ತೀನಿ.”

ಆದಿಲಕ್ಷ್ಮಿ ಕಾಫಿ ಹೀರುತ್ತ ಮೂಗು ಮುರಿದರು. “ಆ ದೇಶಕ್ಕೆ ಇಷ್ಟೆಲ್ಲಾ ಯಾಕೆ ಬೇಡ್ಕೊಬೇಕು? ನೀರು ಬಿಟ್ಟು ಕಾಗದದಲ್ಲಿ ಒರಸ್ಕೊಳೋ ಜನ! ಹೋಗ್ಲೇಬೇಕು ಅಂದ್ರೆ ಗ್ರೀನ್ ಕಾರ್ಡ್ ಇರೋ ಹುಡುಗನ್ನ ಕಟ್ಕೊಳೇ. ಲಾಟರೀನೂ ಬೇಡ, ಸನ್ಮಾನಾನೂ ಬೇಡ.”

ಮೊದಲ ಪತ್ರಕ್ಕೆ ಅದೇ ಬೀದಿಯ ನಿವೃತ್ತ ಹೆಡ್‌ಮಾಸ್ಟರ್ ಚನ್ನರಾಯಪ್ಪನವರ ಮನೆಗೆ ಹೋದರು. ಮೇಷ್ಟ್ರು ಧನಶ್ರೀಗೆ ಏಳು ವರ್ಷ ಪಾಠ ಹೇಳಿದವರು. ಅರ್ಧ ಗಂಟೆ ಬರೆದು, ತಾವೇ ಗಂಭೀರವಾಗಿ ಓದಿದರು:

“ಈಕೆಯು ಅತ್ಯಂತ ಸಾಧಾರಣ ಹೆಣ್ಣುಮಗಳು. ತಾನಾಯಿತು, ತನ್ನ ಪಾಡಾಯಿತು. ನಮ್ಮ ಶಾಲೆಯಲ್ಲಿ ಏಳು ವರ್ಷವಿದ್ದರೂ ಇದ್ದಳೆಂಬುದೇ ಯಾರ ಗಮನಕ್ಕೂ ಬಂದಿರುವುದಿಲ್ಲ.”

ಧನಶ್ರೀ ಕೊನೆಯ ಸಾಲಿಗೆ ಬೆರಳು ತೋರಿಸಿದಳು. “ಸರ್... ಗಮನಕ್ಕೆ ಬಂದಿದ್ಳು ಅಂತ ಹಾಕ್ಬಹುದಾ?”

“ಏನಮ್ಮಾ ಹಂಗಂದ್ರೆ?” ಮೇಷ್ಟ್ರು ಕನ್ನಡಕ ತೆಗೆದರು. “ಹೆಣ್ಮಗುಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಉಂಟಾ? ನನ್ ಸ್ವಂತ ಮಗಳಿಗೂ ನಾನು ಇಷ್ಟು ಬರ್ಕೊಟ್ಟಿಲ್ಲ.”

“ಸರ್, ಅವರಿಗೆ ಅಸಾಧಾರಣ ಅಂತ ಬೇಕು,” ಎಂದು ವೇಣುಗೋಪಾಲ್ ನಡುವೆ ಬಂದರು.

“ಸರಿ, ಹಂಗಾದ್ರೆ ಯಾವ ಮನೆತನ, ಯಾರ ಕೈಲಿ ಬೆಳೆದೋಳು ಅಂತ ಮೊದ್ಲು ಬರೀಬೇಕು. ಬುಡ ಗೊತ್ತಿಲ್ದೆ ಹಣ್ಣಿನ ಬಗ್ಗೆ ಏನು ಹೇಳೋದು? ಹೇಳಪ್ಪಾ, ನೀನು ಮಂಡೀಲಿ ಎಷ್ಟು ವರ್ಷದಿಂದ ಇದ್ದೀಯ?”

ವೇಣುಗೋಪಾಲ್ ಹೇಳಿದರು. ಮೇಷ್ಟ್ರು ಬರೆದರು. ಒಂದು ಹಾಳೆ ಎರಡಾಯಿತು, ಎರಡು ನಾಲ್ಕಾಯಿತು. ತನ್ನ ಬಗ್ಗೆ ಯಾರೋ ಬರೆದದ್ದನ್ನು ಓದುವುದೆಂದರೆ ಧನಶ್ರೀಗೆ ಮೈಮೇಲೆ ಇರುವೆ ಹರಿದಂತೆ. ಅವಳು ಹಾಳೆಗಳನ್ನು ಬೋರಲು ಹಾಕಿಯೇ ಮಡಿಸಿ ಚೀಲಕ್ಕಿಟ್ಟುಕೊಂಡಳು.

ಅಲ್ಲಿಂದ ಕೋಲಾರ. ಹರಾಜು ಮುಗಿದು ಮಂಡಿ ಸುಮ್ಮನಾಗುವ ಹೊತ್ತಿಗೆ ವೇಣುಗೋಪಾಲ್ “ಉತ್ತಮ ಟೊಮೇಟೊ ಸ್ಪರ್ಧೆ, ತೀರ್ಪುಗಾರರು ಅಮೆರಿಕದ ವಿಜ್ಞಾನಿ!” ಎಂದು ಒಂದೇ ಸಲ ಕೂಗಿದರು. ಮಾಲೂರು ಕಡೆಯವರು, ಶ್ರೀನಿವಾಸಪುರದ ಕಡೆಯವರು ಹದಿಮೂರು ಮಂದಿ ಒಂದೊಂದು ಬಾಕ್ಸ್ ತಂದಿಟ್ಟರು. ಪತ್ರಕರ್ತ ಕದಿರೇಶ್ ಕುರ್ಚಿಯ ಮೇಲೆ ಹತ್ತಿ ನಿಂತು ಮೊಬೈಲ್ ಹಿಡಿದ. ಅವನದು ಸಂಜೆಪತ್ರಿಕೆ, ಸಂಪಾದಕ, ವರದಿಗಾರ, ಹಂಚುವವ, ಮೂರೂ ಅವನೇ.

ಧನಶ್ರೀ ತಲೆ ತಗ್ಗಿಸಿದಳು. ಜನರ ಮುಖ ನೋಡದಿರಲು ಟೊಮೇಟೊಗಳನ್ನು ನೋಡಿದಳು. ಟೊಮೇಟೊ ನೋಡಿದ ಮೇಲೆ ಸುತ್ತಲಿನದೆಲ್ಲ ಮರೆತಳು. ಯಾರೋ ಕೊಟ್ಟ ಚಾಕು ಹಿಡಿದು, ಗಾಜಿನ ಮನೆಯ ಅಭ್ಯಾಸದಂತೆ ಪ್ರತಿ ಬಾಕ್ಸಿನಿಂದ ಹತ್ತತ್ತು ಹಣ್ಣು ತೆಗೆದು ಅಡ್ಡಡ್ಡ ಕೊಯ್ದಿಟ್ಟು, ಬೀಜದ ಕೋಣೆ ಎಣಿಸತೊಡಗಿದಳು.

ಎಂಟನೇ ಬಾಕ್ಸ್ ಮುಗಿಯುವ ಹೊತ್ತಿಗೆ ಮಂಡಿಯವರೆಲ್ಲ ಕತ್ತು ಚಾಚಿ ಅವಳ ಚಾಕುವನ್ನೇ ನೋಡುತ್ತಿದ್ದರು. ಆ ಮಾರುಕಟ್ಟೆಯಲ್ಲಿ ಹಣ್ಣನ್ನು ಕಣ್ಣಲ್ಲಿ ಅಳೆಯುತ್ತಾರೆ, ತೀರಾ ಅನುಮಾನ ಬಂದರೆ ಹೆಬ್ಬೆರಳಿನಲ್ಲಿ ಒತ್ತುತ್ತಾರೆ. ಚಾಕು ಹಾಕಿದವರನ್ನು ಯಾರೂ ಕಂಡಿರಲಿಲ್ಲ.

“ಅಯ್ಯಯ್ಯೋ, ಮಾಲು ಕೊಯ್ದಾಕ್ಬುಟ್ಳು!” ಎಂದು ಮಾಲೂರಿನವರೊಬ್ಬರು ತಲೆಯ ಮೇಲೆ ಕೈಯಿಟ್ಟರು.

“ಏನಮ್ಮಾ ಇದು, ಸ್ಪರ್ಧೇನಾ ಪೋಸ್ಟ್‌ಮಾರ್ಟಮ್ಮಾ?” ಎಂದರು ಇನ್ನೊಬ್ಬರು.

“ಇ... ಇನ್ನೂ ಮೂರು ದಿನ ಬೇಕು,” ಎಂದಳು ಧನಶ್ರೀ, ಚಾಕು ಹಿಡಿದೇ. “ರಸದ ಹುಳಿ ಅಳೀಬೇಕು. ಆಮೇಲೆ ತೀರ್ಪು.”

ಹದಿಮೂರು ಮಂದಿ ಒಟ್ಟಿಗೆ ಮುಂದೆ ಬಂದರು. ಧನಶ್ರೀ ಚಿಕ್ಕಪ್ಪನ ಬೆನ್ನ ಹಿಂದೆ ಸರಿದಳು. ವೇಣುಗೋಪಾಲ್ ಮಾತ್ರ ತೋಳು ಮಡಿಚಿ, ಒಂದು ಖಾಲಿ ಬಾಕ್ಸಿನ ಮೇಲೆ ಹತ್ತಿದರು.

“ಯಾಕ್ರೀ ಗಲಾಟೆ? ಒಳಗಿನ ಬಣ್ಣ ನೋಡಿ! ತೊಳೆಯೋ ಕೆಲಸಾನೂ ಇಲ್ಲ, ಕೊಯ್ಯೋ ಕೆಲಸಾನೂ ಇಲ್ಲ, ಸೀದಾ ಸಾರಿಗೆ! ಯಾರ್ರೀ ಹೋಟ್ಲೋರು? ಬನ್ನಿ ಬನ್ನಿ ಬನ್ನಿ!”

ಆರು ನಿಮಿಷ. ಕೊಯ್ದ ಅಷ್ಟೂ ಹಣ್ಣನ್ನು ಇಬ್ಬರು ಹೋಟೆಲಿನವರು ಪೈಪೋಟಿಯ ಮೇಲೆ ಹೊತ್ತೊಯ್ದರು. ಅದೇ ಉಸಿರಿನಲ್ಲಿ ವೇಣುಗೋಪಾಲ್ ಸಾಲಾಗಿ ನಡೆದು, ಬಾಕ್ಸ್ ಮುಟ್ಟದೆಯೇ ಹೇಳುತ್ತ ಹೋದರು: “ಇದು ಬೋರ್ ನೀರು, ನಾಲ್ಕು ದಿನ ತಡೀತದೆ. ಇದು ಕೆರೆ ಪಕ್ಕದ್ದು, ಎರಡೇ ದಿನ. ಇದು ಕೆಮ್ಮಣ್ಣಿನ ಹೊಲ, ಚೆನ್ನೈವರೆಗೂ ಗಟ್ಟಿ. ಇದಕ್ಕೇ ಮೊದಲ ಬಹುಮಾನ!” ಹನ್ನೆರಡು ಮಂದಿ ಸೋತವರೂ ಚಪ್ಪಾಳೆ ಹೊಡೆದರು. ಚಿಕ್ಕಪ್ಪ ಆರಿಸಿದ್ದು ತಾನು ಮನಸ್ಸಿನಲ್ಲಿ ಆರಿಸಿದ್ದನ್ನೇ ಎಂದು ಧನಶ್ರೀಗೆ ಗೊತ್ತಾಯಿತು. ಚಾಕು ಒರೆಸಿ, ಕೊಟ್ಟವರಿಗೆ ಹಿಂದಿರುಗಿಸಿದಳು.

ಉಳಿದದ್ದು ಸನ್ಮಾನ. ಕದಿರೇಶ್ ಮಾಡಿಸಿದ್ದ ಫ್ಲೆಕ್ಸನ್ನು ಮಂಡಿಯ ಶೆಡ್ಡಿನಲ್ಲೇ ಕಟ್ಟಿದರು. ಅದರಲ್ಲಿ ವೇಣುಗೋಪಾಲರ ಮುಖ ಟ್ರ್ಯಾಕ್ಟರ್ ಚಕ್ರದಷ್ಟಿತ್ತು. ಧನಶ್ರೀಯದು ಮೂಲೆಯಲ್ಲಿ, ಬೊಟ್ಟಿನಷ್ಟು.

“ನಿನ್ ಫೋಟೋ ಸಿಕ್ಕಿದ್ದು ವೀಸಾಗೆ ತೆಗ್ಸಿದ್ದು ಒಂದೇ ಕಣಮ್ಮ,” ಎಂದ ಕದಿರೇಶ್. “ದೊಡ್ಡದು ಮಾಡಿದ್ರೆ ಪೊಲೀಸ್ನೋರು ಹುಡುಕ್ತಿರೋ ಹಂಗೆ ಕಾಣ್ತಿತ್ತು.”

ಎರಡು ಶಾಲು ತರಿಸಿದ್ದರು. ಅಧ್ಯಕ್ಷತೆಗೆ ಕರೆದಿದ್ದ ಹಿರಿಯ ವರ್ತಕರಿಗೆ ಮೊದಲ ಶಾಲು ಹೋಯಿತು. ವೇದಿಕೆಯ ಮೇಲೆ ದೊಡ್ಡವರನ್ನು ಬಿಟ್ಟು ಚಿಕ್ಕವರಿಗೆ ಹೊದಿಸುವುದುಂಟೆ? ಸ್ಪರ್ಧೆಯ ಮಾನ ಉಳಿಸಿದವರೆಂದು ರೈತರೆಲ್ಲ ಕೂಗಿದ್ದರಿಂದ ಎರಡನೆಯದು ವೇಣುಗೋಪಾಲರ ಹೆಗಲೇರಿತು. ಧನಶ್ರೀಯ ಕೈಗೆ ಒಂದು ಬುಟ್ಟಿ ಟೊಮೇಟೊ ಬಂತು.

“ನಮ್ಮನೆ ಮಗಳು ತಾನೇ, ಅವಳಿಗೆ ಆಮೇಲೆ ಹಾಕೋಣ,” ಎಂದರು ವೇಣುಗೋಪಾಲ್ ಮೈಕಿನಲ್ಲಿ, ಕಣ್ಣು ಒರೆಸಿಕೊಳ್ಳುತ್ತ. ನಿಜವಾಗಿಯೂ ನೀರು ಬಂದಿತ್ತು. ಧನಶ್ರೀಗೂ ಬಂತು, ಆದರೆ ಬೇರೆ ಕಾರಣಕ್ಕೆ. ಅದರ ಫೋಟೋ ಮಾತ್ರ ಚೆನ್ನಾಗಿ ಬಿತ್ತು.

ಐದು ಗಂಟೆಗೆ ಕದಿರೇಶನ ಪತ್ರಿಕೆ ಮೊಬೈಲಿಗೆ ಬಂತು, ಇಡೀ ಮುಖಪುಟ. ಧನಶ್ರೀ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತು, ಕಣ್ಣು ಅರೆಮುಚ್ಚಿ, ಹಾಳೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದಳು. ಮೇಷ್ಟ್ರ ಪತ್ರ, ಮಂಡಿಯವರು ಅಲ್ಲೇ ಕೂತು ಬರೆದುಕೊಟ್ಟ ಹನ್ನೊಂದು ಪತ್ರ, ವರದಿ, ಸ್ಪರ್ಧೆಯ ವೀಡಿಯೊ, ಸನ್ಮಾನದ ಫೋಟೋ. ಒಂದು ಸಾಲೂ ಓದಲಿಲ್ಲ. ಓದಿದ್ದರೆ ನಾಚಿಕೆಯಿಂದ ಕಳಿಸುತ್ತಲೇ ಇರಲಿಲ್ಲ. ಐದು ಇಪ್ಪತ್ತೆಂಟಕ್ಕೆ ಮೇಲ್ ಹೋಯಿತು. ಜೀವನದಲ್ಲಿ ಮೊದಲ ಸಲ, ತನ್ನನ್ನು ಯಾರೋ ನೋಡುತ್ತಾರೆಂದು ಅವಳಿಗೆ ಆಸೆಯಾಯಿತು.

ಏಳೂವರೆಗೆ ವಕೀಲೆಯ ಉತ್ತರ ಬಂದಾಗ ಮನೆಯವರೆಲ್ಲ ನಡುಮನೆಯಲ್ಲಿ ಅವಳ ಸುತ್ತಲೇ ಕೂತಿದ್ದರು.

“ಏನಂತೆ? ಜೋರಾಗಿ ಓದೇ,” ಎಂದರು ಅಕ್ಕಯಮ್ಮ.

“ಅಸಾಧಾರಣ ಪ್ರತಿಭೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆ...” ಧನಶ್ರೀ ಓದತೊಡಗಿದಳು. ಚಿಕ್ಕಪ್ಪ ತೊಡೆ ತಟ್ಟಿ ಎದ್ದು ನಿಂತರು. ಅವಳು ಓದುತ್ತಲೇ ಹೋದಳು: “ಇಷ್ಟು ವರ್ಷದಲ್ಲಿ ಇಂಥ ಕಡತ ನಾನು ಕಂಡಿಲ್ಲ. ಹನ್ನೆರಡು ಪತ್ರ, ಎಲ್ಲದರಲ್ಲೂ ಒಂದೇ ಹೆಸರು. ಅನುವಾದಕರು ಎಣಿಸಿದ್ದಾರೆ. ವೇಣುಗೋಪಾಲ್ ಅವರ ಹೆಸರು ಎಪ್ಪತ್ತೊಂದು ಸಲ. ನಿನ್ನದು ಐದು ಸಲ, ಅದರಲ್ಲಿ ನಾಲ್ಕು ಕಡೆ ‘ಅವರ ಅಣ್ಣನ ಮಗಳು’ ಎಂದಿದೆ...”

ಮುಂದಿನದನ್ನು ಅವಳು ಬಹಳ ಸಣ್ಣ ದನಿಯಲ್ಲಿ ಓದಿದಳು.

“ವೀಡಿಯೊ ನೋಡಿ ನಮ್ಮ ಮ್ಯಾನೇಜರ್ ಎದ್ದು ನಿಂತುಬಿಟ್ಟರು. ಕೊಯ್ದ ಟೊಮೇಟೊವನ್ನೂ ಆರು ನಿಮಿಷದಲ್ಲಿ ಮಾರಬಲ್ಲವರನ್ನು ಕಂಪನಿ ಎಷ್ಟೋ ವರ್ಷದಿಂದ ಹುಡುಕುತ್ತಿದೆ. ಅರ್ಜಿಯನ್ನು ಅವರ ಹೆಸರಿನಲ್ಲೇ ಹಾಕೋಣವೆಂದಿದ್ದಾರೆ. ಈಗಲೇ ಮಾತಾಡಬೇಕಂತೆ. ನೀನೇ ಅನುವಾದ ಮಾಡುತ್ತೀಯಾ?”

ವೀಡಿಯೊ ಕರೆ ಬಂದೇಬಂತು. ವೇಣುಗೋಪಾಲ್ ಮೊದಲ ಸಲ ದನಿ ತಗ್ಗಿಸಿ ಪಿಸುಗುಟ್ಟಿದರು. “ನಾನಾ? ಅದೆಂಗಾಗ್ತದೆ? ಅನ್ಯಾಯ ತಲ್ಲೀ ಇದು. ಧನು ಜೊತೇಲಿ ಬಂದ್ರೆ ಮಾತ್ರ ಬರ್ತೀನಿ, ಇಲ್ದಿದ್ರೆ ಇಲ್ಲ ಅನ್ನು. ಖಂಡಿತವಾಗಿ ಅನ್ನು!”

ಧನಶ್ರೀ ಅದನ್ನೇ ಇಂಗ್ಲಿಷಿನಲ್ಲಿ ಅಂದಳು. ಆ ಕಡೆ ಮ್ಯಾನೇಜರ್ ಮತ್ತು ವಕೀಲೆ ತಲೆಗೆ ತಲೆ ಕೊಟ್ಟು ಮಾತಾಡಿ, ನಗುತ್ತ ಏನೋ ಹೇಳಿದರು.

“ಏನಂದ್ರು? ಹೇಳಮ್ಮಾ!”

“ಜೊತೇಲಿ ಹೆಂಡತೀನ ಕರ್ಕೊಂಡು ಬರ್ಬಹುದಂತೆ,” ಎಂದಳು ಧನಶ್ರೀ. “ಇಪ್ಪತ್ತೊಂದು ತುಂಬದೇ ಇರೋ ಮಕ್ಕಳನ್ನೂ ಕರ್ಕೊಂಡು ಬರ್ಬಹುದಂತೆ. ಅಣ್ಣನ ಮಗಳು ಲೆಕ್ಕಕ್ಕಿಲ್ವಂತೆ. ನನ್ ಗಿಡಗಳನ್ನ ಬಿಸಾಕಲ್ವಂತೆ, ನಿಮ್ ಕೈಗೇ ಒಪ್ಪಿಸ್ತಾರಂತೆ ಚಿಕ್ಕಪ್ಪ.”

ಅಷ್ಟರಲ್ಲಿ ಮೂಲೆಯಿಂದ ಆದಿಲಕ್ಷ್ಮಿ ಎದ್ದು ಬಂದು, ಸೆರಗು ಸರಿಮಾಡಿಕೊಂಡು, ಗಂಡನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಕ್ಯಾಮೆರಾಕ್ಕೆ ಕೈ ಮುಗಿದರು. ಆಮೇಲೆ ಧನಶ್ರೀಯ ಕಡೆ ತಿರುಗಿ, ಬಹಳ ಪ್ರೀತಿಯಿಂದ ಅವಳ ಕೆನ್ನೆ ಸವರಿದರು.

“ಬೇಜಾರ್ ಮಾಡ್ಕೊಬೇಡ ಕಣೇ. ಹೆಂಗೂ ನೀನು ಇಲ್ಲೇ ಇರ್ತೀಯಲ್ಲ, ನಮ್ ಎರಡು ಹಸು ನೋಡ್ಕೊ. ಕೆಂಪೀದು ಸ್ವಲ್ಪ ಒದೆಯೋ ಅಭ್ಯಾಸ, ಎಡಗಡೆಯಿಂದ ಹೋಗು.”