ಗುದ್ಲೆಪ್ಪ ಶರಣರ ಜಯಂತಿ

ಶನಿವಾರದ ಬೆಳಗಿನ ಶಾಲೆ ದೇವರು ಮಾಡಿದ್ದಲ್ಲ ಎಂದು ವಿದ್ಯಾಶ್ರೀ ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಳು. ದೇವರಿಗೆ ಬೆಳಗಿನ ನಿದ್ದೆಯ ರುಚಿ ಗೊತ್ತು. ಅದಕ್ಕೇ ಅವನನ್ನು ಎಬ್ಬಿಸಲು ಗಂಟೆ, ಜಾಗಟೆ, ಶಂಖ ಎಲ್ಲ ಬೇಕಾಗುತ್ತವೆ. ಹತ್ತನೆಯ ತರಗತಿಯ ಹುಡುಗಿಯನ್ನು ಎಬ್ಬಿಸಲು ಅವ್ವನ ಒಂದು ಕಾಲು ಸಾಕು.

ಆದರೆ ಈ ಶನಿವಾರ ಅವಳು ಅವ್ವನ ಕಾಲಿಗೆ ಕೆಲಸ ಕೊಡದೆ ತಾನಾಗಿಯೇ ಎದ್ದಿದ್ದಳು. ಮರುದಿನ ಹಂಸಭಾವಿಯಲ್ಲಿ ಹೋರಿ ಬೆದರಿಸುವ ಹಬ್ಬ. ಸೋದರಮಾವ ದುರ್ಗೇಶನ ಹೋರಿ ಮೊದಲ ಸಲ ಅಖಾಡಕ್ಕೆ ಇಳಿಯುವುದಿತ್ತು. ಕೊರಳ ತುಂಬ ಒಣಕೊಬ್ಬರಿಯ ಹಾರ, ಎರಡೂ ಬದಿಗೆ ಕೇಕೆ ಹಾಕುವ ಜನ, ನಡುವೆ ಬಾಣದಂತೆ ಹೋರಿ. ಹಿಡಿದವರಿಗೆ ಕೊಬ್ಬರಿ, ಹಿಡಿಯಲಾಗದವರಿಗೆ ಮಣ್ಣು. ಕರುವಾಗಿದ್ದಾಗ ಆ ಹೋರಿ ಬೇಸಿಗೆಯ ರಜೆಯಲ್ಲೆಲ್ಲ ಅವಳ ಅಂಗೈಯಿಂದಲೇ ಬೆಲ್ಲ ತಿಂದು ಬೆಳೆದದ್ದು. ಅದಕ್ಕೆ ಗುದ್ಲೆಪ್ಪ ಎಂದು ಹೆಸರಿಟ್ಟವನು ಅವ್ವನ ಅಪ್ಪ. ಹೆಸರಿಟ್ಟ ವಾರದಲ್ಲೇ ಮುದುಕ ತೀರಿಕೊಂಡದ್ದರಿಂದ, ಹೋರಿಗೆ ಮನುಷ್ಯರ ಹೆಸರು ಯಾಕೆ ಎಂದು ಕೇಳುವುದು ಹಾಗೇ ಉಳಿದುಹೋಯಿತು.

ವಿದ್ಯಾಶ್ರೀಗೆ ಗುದ್ಲೆಪ್ಪನ ಮೇಲೆ ಪ್ರೀತಿ ಎಷ್ಟಿತ್ತೋ ಹೊಟ್ಟೆಕಿಚ್ಚೂ ಅಷ್ಟೇ ಇತ್ತು. ಅವನಿಗೆ ಮೇವು ಉಂಟು, ನೀರು ಉಂಟು, ಮೈ ತಿಕ್ಕುವವರು ಉಂಟು, ಶಾಲೆ ಇಲ್ಲ. ಇಡೀ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತದೆ ಎಲ್ಲರಿಂದ ಶಾಣ್ಯಾ ಅನ್ನಿಸಿಕೊಂಡವನು ಅವನೊಬ್ಬನೇ.

ಅವ್ವ ಗುತ್ತೆವ್ವ ಹಂಸಭಾವಿಗೆ ಕಳಿಸಲು ಒಪ್ಪಿದ್ದಳು. ಆದರೆ ರೊಟ್ಟಿ ಬಡಿಯುತ್ತಲೇ ಒಂದು ಮಾತು ಹೇಳಿದಳು.

"ಇವತ್ತ ಸಾಲಿಂದ ಒಂದs ಒಂದ ಫೋನ್ ಬರ್ಲಿ, ಹಂಸಭಾವಿ ಹೆಸರ ಎತ್ತಬ್ಯಾಡ. ನಾಳೆ ಇಡೀ ದಿನ ಮೆಣಸಿನಕಾಯಿ ತೊಟ್ಟು ಬಿಡಸ್ಕೋತ ಕುಂದರ್ಸತೇನಿ."

ಇದು ಬರಿ ಬೆದರಿಕೆಯಲ್ಲ. ವಿದ್ಯಾಶ್ರೀಗೆ ವಿಚಾರಗಳು ಬಿಕ್ಕಳಿಕೆಯ ಹಾಗೆ ಬರುತ್ತಿದ್ದವು. ಬರಬಾರದ ಕಡೆಯೇ ಬರುತ್ತಿದ್ದವು, ಬಂದರೆ ತಡೆಯಲು ಆಗುತ್ತಿರಲಿಲ್ಲ. ಗಣಿತದ ಮಾಸ್ತರು, ಆರು ಆಳು ಕಟ್ಟುವ ಗೋಡೆಯನ್ನು ಹನ್ನೆರಡು ಆಳು ಅರ್ಧ ಹೊತ್ತಿನಲ್ಲಿ ಕಟ್ಟುತ್ತಾರೆ ಎಂದಾಗ ಅವಳು ಎದ್ದು ನಿಂತಿದ್ದಳು. ಅವಳ ಅಪ್ಪ ಶಿಗ್ಗಾಂವದಲ್ಲಿ ಗೌಂಡಿ. ಹನ್ನೆರಡು ಆಳು ಸೇರಿದರೆ ನಾಲ್ವರು ಎಲೆ ತಂಬಾಕು ತಿಕ್ಕುತ್ತ ಕೂರುತ್ತಾರೆ, ಇಬ್ಬರು ಚಹಾ ತರಲು ಹೋಗಿ ಊರಿಗೇ ಹೋಗಿಬಿಡುತ್ತಾರೆ, ಅದನ್ನೂ ಲೆಕ್ಕದಲ್ಲಿ ಹಿಡಿಯಬೇಕಲ್ಲ ಎಂದಿದ್ದಳು. ಫೋನು ಬಂತು. ಇನ್ನೊಮ್ಮೆ, ಎಲ್ಲರಿಗೂ ಗೊತ್ತಿರುವುದನ್ನು ಬರೆದರೆ ಅಂಕ, ಯಾರಿಗೂ ಗೊತ್ತಿಲ್ಲದ್ದನ್ನು ಕೇಳಿದರೆ ಕೋಲು, ಹಾಗಾದರೆ ಶಾಲೆ ಇರುವುದು ಗೊತ್ತಿದ್ದದ್ದನ್ನು ಕಾವಲು ಕಾಯಲಿಕ್ಕೋ ಎಂದು ಕೇಳಿದ್ದಳು. ಆಗಲೂ ಫೋನು ಬಂತು.

ಇವತ್ತು ಮಾತ್ರ ಬಾಯಿಗೆ ಬೀಗ ಎಂದು ನಿಶ್ಚಯಿಸಿ ಅವಳು ಶಾಲೆಯ ದಾರಿ ಹಿಡಿದಳು.

ಅವರ ಊರು ಹಾನಗಲ್ಲಿನಿಂದ ಆಡೂರಿನ ಕಡೆಗೆ ಹೋಗುವ ದಾರಿಯಲ್ಲಿತ್ತು. ಶಾಲೆಗೆ ಹೊಸದಾಗಿ ಬಂದ ಹೆಡ್‌ಮಾಸ್ತರ ಶಂಭುಲಿಂಗಪ್ಪನವರು ಪ್ರಾರ್ಥನೆಯ ಹೊತ್ತಿಗೆ ದಿನಕ್ಕೊಬ್ಬರು ಎದುರಿಗೆ ಬಂದು ದೊಡ್ಡವರ ಒಂದು ನುಡಿ ಹೇಳಬೇಕೆಂದು ನಿಯಮ ಮಾಡಿದ್ದರು. ನುಡಿಯ ಜೊತೆ ಹೇಳಿದವರ ಹೆಸರೂ ಬೇಕು. ಸ್ವಂತದ್ದು ಹೇಳುವಂತಿಲ್ಲ. ನಿಮ್ಮ ವಯಸ್ಸಿಗೆ ಸ್ವಂತ ವಿಚಾರ ಯಾಕೆ, ಅದಕ್ಕೆಲ್ಲ ನೌಕರಿ ಹತ್ತಿದ ಮೇಲೆ ರಗಡ ಹೊತ್ತು ಇರುತ್ತದೆ ಎನ್ನುತ್ತಿದ್ದರು.

ನಾಡಗೀತೆ ಮುಗಿಯಿತು. "ವಿದ್ಯಾಶ್ರೀ" ಎಂದು ಹೆಸರು ಕೂಗಿದರು. ಇವತ್ತಿನ ಪಾಳಿ ತನ್ನದು ಎಂಬುದನ್ನು ಹೋರಿಯ ಧ್ಯಾನದಲ್ಲಿ ಅವಳು ಮರೆತೇಬಿಟ್ಟಿದ್ದಳು.

ಎದುರಿಗೆ ಬಂದು ನಿಂತಳು. ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ಕಣ್ಣಿಗೆ ಕಂಡದ್ದು ವರಾಂಡದಲ್ಲಿ ತೂಗುಹಾಕಿದ್ದ ಗಂಟೆ. ಬಿಕ್ಕಳಿಕೆ ಬಂದೇಬಿಟ್ಟಿತು.

"ಗಂಟೆ ಬಾರಿಸಿದರೆ ಒಳಗೆ ಹೋಗುವೆವು, ಗಂಟೆ ಬಾರಿಸಿದರೆ ಹೊರಗೆ ಓಡುವೆವು. ನಡುವೆ ನಾವು ಕಲಿತದ್ದು ಗಂಟೆಯೊಂದೇ."

ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು. ಹೆಡ್‌ಮಾಸ್ತರರ ಹುಬ್ಬು ಮೇಲಕ್ಕೆ ಹೋದವು.

"ಯಾರ ಹೇಳಿದ್ದು ಇದು?"

ತನ್ನದು ಎಂದರೆ ಕೋಲು, ಫೋನು, ಮೆಣಸಿನಕಾಯಿ. ಸತ್ತ ದೊಡ್ಡವರದು ಎಂದರೆ ಚಪ್ಪಾಳೆ. ಅವಳಿಗೆ ಒಬ್ಬ ದೊಡ್ಡವರ ಹೆಸರು ಬೇಕಿತ್ತು. ತಲೆಯಲ್ಲಿದ್ದದ್ದು ಒಂದೇ ಹೆಸರು.

"ಗುದ್ಲೆಪ್ಪ," ಎಂದಳು. ಬಹಳ ಬೋಳಾಯಿತು ಅನ್ನಿಸಿ, "ಗುದ್ಲೆಪ್ಪ ಶರಣರು, ಸರ್" ಎಂದು ಸೇರಿಸಿದಳು.

ನಮ್ಮ ಕಡೆ ಗಣಿತ ಬರುವುದಿಲ್ಲ ಎಂದರೆ ನಡೆಯುತ್ತದೆ, ಇಂಗ್ಲಿಷು ಬರುವುದಿಲ್ಲ ಎಂದರೂ ನಡೆಯುತ್ತದೆ. ಹೆಡ್‌ಮಾಸ್ತರನಾದವನು ಒಬ್ಬ ಶರಣರು ಗೊತ್ತಿಲ್ಲ ಎಂದರೆ ಮಾತ್ರ ಮೂಗು ಹೋದ ಹಾಗೆ. ಶಂಭುಲಿಂಗಪ್ಪನವರು ಕಣ್ಣು ಮುಚ್ಚಿದರು. ತೆರೆದಾಗ ಮುಖದಲ್ಲಿ ಬೇರೆಯೇ ಕಳೆ ಇತ್ತು.

"ಗುದ್ಲೆಪ್ಪ ಶರಣರು. ಎಷ್ಟ ದಿನಾ ಆತು ಈ ವಚನ ಕೇಳಿ. ಗಂಟೆ ಅಂದ್ರ ಯಾವ ಗಂಟೆ? ಕಾಲನ ಗಂಟೆ. ಒಳಗ ಅಂದ್ರ ಯಾವ ಒಳಗ? ಈ ಸಂಸಾರದ ಒಳಗ."

ಗಂಟೆಯ ಅರ್ಥ ಬಿಡಿಸಿ ಮುಗಿಸುವಷ್ಟರಲ್ಲಿ ಮೊದಲ ಪಿರಿಯಡ್ಡು ಮುಗಿದುಹೋಯಿತು. ಗಣಿತ ತಪ್ಪಿದ ಸಂತೋಷಕ್ಕೆ ಹತ್ತನೆಯ ತರಗತಿಯವರೆಲ್ಲ ಗುದ್ಲೆಪ್ಪ ಶರಣರ ಭಕ್ತರಾದರು. ಗೆಳತಿ ಪೂಜಾ ಮಾತ್ರ ಮೊಣಕೈಯಿಂದ ತಿವಿದಳು.

"ಲೇ, ಗುದ್ಲೆಪ್ಪ ಅಂದ್ರ ನಿಮ್ಮ ಮಾವನ ಹೋರಿ ಅಲ್ಲೇನ?"

"ಸುಮ್ನಿರ. ನಾಳೆ ನಿನ್ನೂ ಕರಕೊಂಡ ಹೋಗ್ತೇನಿ."

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸುಳ್ಳೆಂಬುದು ಹುದುಗು ಬಂದ ದೋಸೆ ಹಿಟ್ಟು. ಮುಚ್ಚಳ ಮುಚ್ಚಿದಷ್ಟೂ ಉಕ್ಕುತ್ತದೆ. ಸಮಾಜ ವಿಜ್ಞಾನದ ನುಜಹತ ಮೇಡಂ ಪಾಪ, ತಿಳಿದುಕೊಳ್ಳುವ ಆಸೆಯಿಂದಲೇ ಈ ಶರಣರು ಯಾವ ಕಾಲದವರು ಎಂದು ಹೆಡ್‌ಮಾಸ್ತರರನ್ನು ಕೇಳಿದರು. ಅದೇ ಕಾಲದವರು ಎಂದರು ಅವರು. ಮೇಡಂ ಹೌದೆಂದು ತಲೆಯಾಡಿಸಿ, ಎಲ್ಲ ತರಗತಿಗಳಲ್ಲೂ ಅದೇ ಕಾಲ ಎಂದೇ ಹೇಳಿಬಿಟ್ಟರು.

ಅಷ್ಟರಲ್ಲಿ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ ಮಹಾಲಿಂಗಪ್ಪ ನೀರಿನ ಟಾಕಿ ನೋಡುವ ನೆವದಲ್ಲಿ ಚಹಾ ಕುಡಿಯಲು ಬಂದ. ಅವನು ವಿದ್ಯಾಶ್ರೀಯ ಓಣಿಯವನೇ, ಗೋಡೆಗೆ ಗೋಡೆ ಹತ್ತಿದ ಮನೆ. ಊರಲ್ಲಿ ಯಾರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಅವನಿಗೆ ಬಾಯಾರಿಕೆ. ಸುದ್ದಿ ಕೇಳಿದವನೇ ಚಹಾದ ಬಸಿಯನ್ನು ಕೆಳಗಿಟ್ಟ.

"ಗುದ್ಲೆಪ್ಪ ಶರಣರ? ನಮ್ಮ ಮುತ್ಯಾ ದಿನಾ ನೆನಸ್ತಿದ್ದಾ ಅವರನ್ನ. ನಮ್ಮೂರವರs ಅಲ್ಲೇನ್ರಿ ಸರ್ ಅವರು."

ಮಹಾಲಿಂಗಪ್ಪನಿಗೆ ಒಂದು ಹಳೆಯ ಸಂಕಟವಿತ್ತು. ಆಡೂರಿನಲ್ಲಿ ಚಾಲುಕ್ಯರ ಕಾಲದ ಶಾಸನಗಳಿವೆ. ದೂರದಿಂದ ಕಾರು ಮಾಡಿಕೊಂಡು ಬಂದವರು ಅವನ್ನು ಬಗ್ಗಿ ಬಗ್ಗಿ ಓದುತ್ತಾರೆ. ಅವನ ಊರಿಗೆ ಬಗ್ಗುವವರು ಸೇಂಗಾ ಕೀಳುವವರು ಮಾತ್ರ. ಈಗ ಅವನಿಗೆ ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ಬಿದ್ದಿದ್ದ ಒಂದು ಕಲ್ಲು ನೆನಪಾಯಿತು. ಅದರ ಮೇಲೆ ಏನೋ ಗೀರುಗಳಿದ್ದವಲ್ಲ.

ಎಲ್ಲರೂ ಹಿತ್ತಲಿಗೆ ನಡೆದರು. ಅಡುಗೆಯ ವೀರವ್ವ ಅದೇ ಕಲ್ಲಿನ ಮೇಲೆ ಬೋಗುಣಿ ತಿಕ್ಕುತ್ತ ಕೂತಿದ್ದಳು. ಎಬ್ಬಿಸಿದಾಗ ಅವಳು ಮೊದಲು ಹೇಳಿದ್ದು, ಅದು ತನ್ನ ಮಾವ ದನದ ಕೊಟ್ಟಿಗೆಯಿಂದ ಹೊರಳಿಸಿ ತಂದು ಹಾಕಿದ ಕಲ್ಲು, ಗೀರುಗಳು ಕುಡಗೋಲು ಮಸೆದದ್ದು ಎಂದು. ಹೆಡ್‌ಮಾಸ್ತರರು ಚಪ್ಪಲಿ ಬಿಟ್ಟು ಕಲ್ಲಿಗೆ ಕೈ ಮುಗಿದದ್ದನ್ನು ಕಂಡ ಮೇಲೆ, ಬೆಳಗಿನ ಜಾವ ಇಲ್ಲಿ ಒಂದು ಬೆಳಕು ಕಾಣುವುದುಂಟು ಎಂದಳು. ಅರಿಷಿಣ ಕುಂಕುಮ ಬಂದಾಗ, ತನಗೆ ಮೊದಲೇ ಗೊತ್ತಿತ್ತು, ಅದಕ್ಕೇ ದಿನಾ ತೊಳೆಯುತ್ತಿದ್ದೆ ಎಂದಳು.

ವಿದ್ಯಾಶ್ರೀ ಲೆಕ್ಕ ಹಾಕಿದಳು. ನಿಜ ಇವತ್ತೇ ಹೊರಬಿದ್ದರೆ ಫೋನು. ನಾಳೆ ಬಿದ್ದರೆ, ಅಷ್ಟು ಹೊತ್ತಿಗೆ ಕಲ್ಲಿಗೆ ಗುಡಿ ಎದ್ದಿರುತ್ತದೆ. ಈಗಲೇ ಮೆಲ್ಲಗೆ ಹೇಳಿ, ಕೈಕಾಲು ಹಿಡಿದು, ಫೋನು ಮಾಡಬೇಡಿರಿ ಎಂದು ಬೇಡಿಕೊಳ್ಳುವುದೇ ಸರಿ ಎಂದು ಆಫೀಸಿಗೆ ಹೋದಳು. ಹೆಡ್‌ಮಾಸ್ತರರು, ಮಹಾಲಿಂಗಪ್ಪ ಇಬ್ಬರೂ ಕೂತಿದ್ದರು.

"ಸರ್, ತಪ್ಪ ಆಗೇತ್ರಿ. ಗುದ್ಲೆಪ್ಪ ಅಂದ್ರ ಶರಣರಲ್ರಿ. ಹೋರಿರಿ."

ಹೆಡ್‌ಮಾಸ್ತರರು ನಿಧಾನಕ್ಕೆ ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿದ್ದವು.

"ನೋಡ್ರಿ ಅಧ್ಯಕ್ಷರ, ನಾವು ಅವರನ್ನ ಶರಣರು ಅಂತೇವಿ. ಅವರು ತಮ್ಮನ್ನ ಏನಂತ ಕರಕೊಂಡ್ರು? ಹೋರಿ. ಮೂಗುದಾರ ಹಾಕಿಸ್ಕೊಂಡ ಪಶು. ಎಂಥಾ ವಿನಯ. ಇದೂ ವಚನದಾಗ ಬರತೈತೇನವ್ವ?"

"ವಚನ ಅಲ್ರಿ ಸರ್. ಖರೇನ ಹೋರಿ. ಕೋಡ ಅದಾವು. ಹುಲ್ಲ ತಿಂತೈತಿ."

"ಕೇಳಿದ್ರಿ? ಹುಲ್ಲ ತಿಂತೇನಿ ಅಂದಾರ," ಎಂದು ಅವರು ಮಹಾಲಿಂಗಪ್ಪನ ಕಡೆಗೆ ತಿರುಗಿದರು. ಮಹಾಲಿಂಗಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, ತನ್ನ ಮುತ್ಯಾನೂ ಇದನ್ನೇ ಹೇಳಿ ಅಳುತ್ತಿದ್ದ ಎಂದ.

ವಿದ್ಯಾಶ್ರೀ ಅಲ್ಲೇ ನಿಂತು ಹೊಸದೊಂದು ವಿಚಾರ ಮಾಡಿದಳು. ಸುಳ್ಳು ಹೇಳಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ನಿಜ ಹೇಳಿದರೆ ಅರ್ಥ ಹಚ್ಚುತ್ತಾರೆ. ಈ ವಿಚಾರವನ್ನು ಅವಳು ಬಾಯಿಂದ ಹೊರಬಿಡಲಿಲ್ಲ. ಬಿಟ್ಟಿದ್ದರೆ ಅದೂ ಗುದ್ಲೆಪ್ಪನ ಖಾತೆಗೆ ಸೇರುತ್ತಿತ್ತು.

ಶಾಲೆ ಬಿಡುವ ಗಂಟೆ ಹೊಡೆಯಿತು. ಅವಳು ಪೂಜಾಳ ಕೈ ಹಿಡಿದು ಓಡಿದಳು. ಯೋಚಿಸಿ ನೋಡಿದರೆ ಎಲ್ಲ ಒಳ್ಳೆಯದೇ ಆಗಿತ್ತು. ಯಾರೂ ಬೈದಿಲ್ಲ, ಕೋಲು ಮುಟ್ಟಿಲ್ಲ, ದೂರಂತೂ ಇಲ್ಲವೇ ಇಲ್ಲ. ನಸುಕಿನ ಬಸ್ಸು ಹಿಡಿದರೆ ಗುದ್ಲೆಪ್ಪನ ಕೊರಳಿಗೆ ಕೊಬ್ಬರಿ ಕಟ್ಟುವ ಹೊತ್ತಿಗೆ ಹಂಸಭಾವಿಯಲ್ಲಿರಬಹುದು. ಶರಣರ ಪಾಡು ಶರಣರಿಗೆ.

ಮನೆಯ ಹೊಸ್ತಿಲಲ್ಲಿ ಅವ್ವ ಮೊಬೈಲು ಹಿಡಿದು ನಿಂತಿದ್ದಳು.

"ಸಾಲಿಂದ ಫೋನ್ ಬಂದಿತ್ತು."

ವಿದ್ಯಾಶ್ರೀಯ ಕಾಲು ಅಲ್ಲಿಯೇ ನಿಂತವು. ಮೂಲೆಯಲ್ಲಿದ್ದ ಮೆಣಸಿನಕಾಯಿ ಚೀಲ ಅವಳನ್ನೇ ನೋಡುತ್ತಿದ್ದಂತಿತ್ತು. ಅವ್ವ ಮಾತ್ರ ಹೊಡೆಯಲು ಕೈ ಎತ್ತಲಿಲ್ಲ. ಎತ್ತಿದ್ದು ಮಗಳ ಗಲ್ಲ ಸವರಿ ಲಟಿಕೆ ಮುರಿಯಲಿಕ್ಕೆ.

"ಇಷ್ಟ ವರ್ಷದಾಗ ನಿನ್ನ ಹೊಗಳಾಕ ಫೋನ್ ಬಂದದ್ದು ಇದs ಮೊದಲ, ನನ್ನವ್ವ. ನಾಳೆ ಹುಣ್ಣಿಮಿ, ಶರಣರ ಜಯಂತಿ ಅಂತ. ನೀನs ಭಾಷಣ ಮಾಡ್ಬೇಕಂತ. ಹೆಡ್‌ಮಾಸ್ತರ್ ನನಗ ರೀ ಹಚ್ಚಿ ಮಾತಾಡಿದ್ರು."

"ನಾಳೆ ಆಯ್ತಾರ, ಯವ್ವಾ. ಹಂಸಭಾವಿ?"

"ಹೋರಿ ಎಲ್ಲಿ ಓಡಿ ಹೋಗತೈತಿ? ಮುಂದಿನ ವರ್ಷ ನೋಡಿದ್ರಾತು."

ವಿದ್ಯಾಶ್ರೀ ಕೊನೆಯ ಸಲ ನಿಜದ ಕಾಲಿಗೆ ಬಿದ್ದಳು. ಶರಣರೂ ಇಲ್ಲ, ಜಯಂತಿಯೂ ಇಲ್ಲ, ಗುದ್ಲೆಪ್ಪ ಎಂದರೆ ನಮ್ಮ ಮಾವನ ಹೋರಿ, ಬೇರೆ ಹೆಸರು ಬಾಯಿಗೆ ಬರಲಿಲ್ಲ ಎಂದು ಅಳುತ್ತ ಎಲ್ಲ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಗುತ್ತೆವ್ವನ ಕಣ್ಣು ಅಗಲವಾದವು.

"ಹೌದಲ್ಲ. ಹೋರಿಗೆ ಯಾಕ ಈ ಹೆಸರ ಅಂತ ಇಷ್ಟ ದಿನಾ ನಾ ತಲಿ ಕೆರಕೊಂಡೆ. ಶರಣರ ಹೆಸರ ಇಟ್ಟಾನ ನಮ್ಮಪ್ಪ. ಓದಿಲ್ಲ ಬರದಿಲ್ಲ, ಅಂವಗ ಎಲ್ಲಾ ಗೊತ್ತಿತ್ತು ನೋಡು."

ಅಷ್ಟಕ್ಕೆ ಬಿಡಲಿಲ್ಲ. ತಮ್ಮನಿಗೆ ಫೋನು ಹಚ್ಚಿದಳು. ದುರ್ಗೇಶ ಹೋರಿಯ ಕೊಂಬಿಗೆ ಬಣ್ಣ ಬಳಿಯುತ್ತಿದ್ದನಂತೆ. ಅಕ್ಕ ಹೇಳಿದ್ದನ್ನು ಕೇಳಿ ಕುಂಚ ಕೆಳಗಿಟ್ಟನಂತೆ. ಹಿಂದೆ ಗುದ್ಲೆಪ್ಪನ ಕೊರಳ ಗೆಜ್ಜೆಯ ಸದ್ದು ಬರುತ್ತಿತ್ತು.

"ಅಕ್ಕಾ, ಅಪ್ಪ ಶರಣರ ಹೆಸರ ಇಟ್ಟದ್ದನ್ನ ನಾ ಮಂದಿ ಕೈಯಾಗ ಎಳದಾಡಾಕ ಬಿಡ್ಲೇನು? ಪಾಪ ಹತ್ತತೈತಿ. ನಾಳೆ ಓಡಸೂದಿಲ್ಲ. ಇನ್ನ ಯಾವಾಗ್ಲೂ ಓಡಸೂದಿಲ್ಲ. ಮೈ ತೊಳದು, ಹಾರ ಹಾಕಿ, ಟೆಂಪೋದಾಗ ನಿಮ್ಮ ಸಾಲಿಗೆ ಕರಕೊಂಡ ಬರ್ತೇನಿ. ಜಯಂತಿಗೆ ಅಂವಾ ಇರದಿದ್ರ ಹೆಂಗ? ಎಷ್ಟ ಹೊತ್ತಿಗೆ ಬರ್ಬೇಕು?"

ಗುತ್ತೆವ್ವ ಸೆರಗಿನಿಂದ ಮೂಗೊರೆಸಿಕೊಂಡಳು.

"ತಡಾ ಮಾಡಬ್ಯಾಡ. ಗಂಟಿ ಹೊಡದ ಕೂಡ್ಲೆ ಒಳಗ ಇರ್ಬೇಕಂತ."