ಹದಿನೆಂಟು ತುಂಬಿದವರಿಗೆ ಮಾತ್ರ

ನಿವೃತ್ತನಾದ ಮೇಲಾದರೂ ಮಕ್ಕಳ ಕಾಟ ತಪ್ಪೀತು ಎಂದುಕೊಂಡಿದ್ದೆ. ತಪ್ಪಲಿಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಖುಷಿಯೇ. ಮೂವತ್ತು ಚಿಲ್ಲರೆ ವರ್ಷ ಮೇಷ್ಟ್ರಾಗಿದ್ದವನ ಬೆನ್ನು ಹತ್ತಿ ಇಂಥ ಪ್ರಸಂಗಗಳು ಬರುತ್ತಲೇ ಇರುತ್ತವೆ. ಬೆನ್ನು ಹತ್ತಿ ಬರುವ ವಿಚಾರ ಆಮೇಲೆ ಹೇಳುತ್ತೇನೆ.

ಎರಡು ಸಾವಿರದ ಐದರ ಸುಮಾರು. ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ತಂಗಿಯ ಮಗ ನಾಲ್ಕು ಕಂಪ್ಯೂಟರ್ ಇಟ್ಟು, ಕಿಟಕಿಗೆ ಕಪ್ಪು ಪರದೆ ಬಿಟ್ಟು, ಗೇಮ್ ಅಂಗಡಿ ತೆರೆದ. ಅಲ್ಲೊಂದು ಆಟವಿತ್ತು. ದೀಪವಿಲ್ಲದ ಓಣಿಯಲ್ಲಿ ಕೋವಿ ಹಿಡಿದು ನಡೆಯಬೇಕು. ಹಿಂದಿನಿಂದ ಹೆಜ್ಜೆ ಸದ್ದು ಬರುತ್ತದೆ. ತಿರುಗಿದರೆ ಯಾರೂ ಇಲ್ಲ. ತಿರುಗದಿದ್ದರೆ ಇದ್ದಾನೆ. ಸಿ.ಡಿ. ಡಬ್ಬಿಯ ಮೇಲೆ ದಪ್ಪಗೆ 18 ಎಂದಿತ್ತು. ಅಷ್ಟು ವಯಸ್ಸು ತುಂಬದವರು ಆಡಕೂಡದು ಅಂತ. ಅದನ್ನೇ ನಾನು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ.

೧. ವಯಸ್ಸು

ಒಂದು ಶನಿವಾರ ಚಾಮರಾಜನಗರದ ಮಗಳ ಮನೆಯಿಂದ ಬಸ್ಸಲ್ಲಿ ಬರುತ್ತಿದ್ದೆ. ತೆರಕಣಾಂಬಿಯಲ್ಲಿ ನನ್ನ ಹಳೇ ಶಿಷ್ಯನೊಬ್ಬ ಎಂಟನೇ ಕ್ಲಾಸಿನ ಮಗನನ್ನು ಕರೆದುಕೊಂಡು ಹತ್ತಿದ. ಮಗನಿಗಿನ್ನೂ ಹನ್ನೆರಡು ತುಂಬಿಲ್ಲ ಎಂದು ಕಂಡಕ್ಟರಿಗೆ ಹೇಳಿ ಅರ್ಧ ಟಿಕೆಟ್ ತೆಗೆಸಿದ. ಹುಡುಗ ಪಾಪ, ಮಂಡಿ ಬಗ್ಗಿಸಿಕೊಂಡೇ ನಿಂತಿದ್ದ.

ಅರ್ಧ ಗಂಟೆ ಕಳೆದಿರಬೇಕು, ಅದೇ ಅಪ್ಪ, ಅದೇ ಮಗ ನಮ್ಮ ಅಂಗಡಿ ಬಾಗಿಲಲ್ಲಿ. ಅಪ್ಪನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಸಂಜೆಯವರೆಗೆ ಮಗ ಇಲ್ಲೇ ಕೂತಿದ್ದರೆ ಎಲ್ಲೂ ಹೋಗುವುದಿಲ್ಲವಲ್ಲ ಎಂಬ ಲೆಕ್ಕ. ಬಾಗಿಲ ಮೇಲಿನ ಬರಹ ತೋರಿಸಿದೆ.

"ಹದ್ನೆಂಟು ತುಂಬೋಯ್ತು ಸಾ" ಅಂದ ಅಪ್ಪ.

"ಬಸ್ಸಲ್ಲಿ ಹನ್ನೆರಡೂ ಆಗಿರಲಿಲ್ಲವಲ್ಲಯ್ಯಾ?"

"ನಂಗೂ ನನ್ ತಮ್ಮಂಗೂ ಮೂರೇ ತಿಂಗ್ಳು ಫರಕು ಅಂತ ಇಸ್ಕೂಲಲ್ಲಿ ಬರ್ದೋರು ನೀವೇ ಅಲ್ವಾ ಸಾ?"

ಆಗೆಲ್ಲ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ನಾವು ಮೇಷ್ಟ್ರುಗಳೇ ಒಂದು ದಿನ ದಯಪಾಲಿಸುತ್ತಿದ್ದೆವು. ಪಕ್ಕಕ್ಕೆ ಸರಿದು ಹುಡುಗನಿಗೆ ದಾರಿ ಬಿಟ್ಟೆ.

೨. ಸತ್ತವರ ವಿಚಾರಣೆ

ನಾಲ್ಕು ಶನಿವಾರ ಹೀಗೇ ನಡೆಯಿತು. ಐದನೆಯ ವಾರ ಅಪ್ಪನೊಬ್ಬನೇ ಬಂದ, ಮುಖ ಇಳಿಬಿಟ್ಟುಕೊಂಡು. ಹುಡುಗ ಮೂರು ದಿನದಿಂದ ಕಣ್ಣು ಮುಚ್ಚಿಲ್ಲವಂತೆ. ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯುತ್ತಾನಂತೆ. ಊಟಕ್ಕೆ ಕೂತವನು ಅಜ್ಜಿಯ ಹೆಗಲಾಚೆ ನೋಡುತ್ತ, "ಅಜ್ಜಿ, ಅಲ್ಲಾಡ್ಬ್ಯಾಡ, ನಿನ್ ಹಿಂದೆ ನಿಂತವ್ನೆ" ಅಂದನಂತೆ. ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಘಾಟೇ ಬರಲಿಲ್ಲವಂತೆ. ಹಂಗಳದ ಕಡೆ ಶಾಸ್ತ್ರ ಹೇಳುವವಳೊಬ್ಬಳು, ಪಡುವಣ ದಿಕ್ಕಿನ ಒಂದು ಕತ್ತಲೆ ಕೋಣೆಯಲ್ಲಿ ಹೊಡೆದಾಡಿ ಸತ್ತವನು ಜೊತೆಗೆ ಬಂದಿದ್ದಾನೆ, ಕೊಳ್ಳೇಗಾಲಕ್ಕೆ ಹೋಗಿ ತಾಯತ ಕಟ್ಟಿಸಿ ಅಂದಿದ್ದಳು.

ಆತ ದನಿ ತಗ್ಗಿಸಿ ಕೇಳಿದ: "ಸಾ, ಈ ಕೋಣೇಲಿ ಯಾರಾರ ಸತ್ತಿದ್ರಾ?"

ಒಳಗಿನಿಂದ ನನ್ನ ತಂಗಿಯ ಮಗ ತಲೆ ಎತ್ತದೆ ಹೇಳಿದ: "ದಿನಕ್ಕೆ ಇನ್ನೂರು ಜನ. ಭಾನುವಾರ ಇನ್ನೂ ಜಾಸ್ತಿ."

೩. ಮೂರನೆಯ ಟಿಕೆಟ್

ಕೊಳ್ಳೇಗಾಲ ಆಮೇಲಾಯಿತು, ಮಗನನ್ನು ಕರೆದುಕೊಂಡು ಬಾ, ಅವನು ನೋಡಿದ್ದನ್ನು ಮೊದಲು ನೀನು ನೋಡು ಅಂದೆ. ಮಾರನೆಯ ದಿನ ಬಂದರು. ಹುಡುಗ ಹೊಸ್ತಿಲು ದಾಟಲಿಲ್ಲ. ಬೊಂಬೆಯಾಟ ತಾನೇ ಎಂದು ನಗುತ್ತ ಅಪ್ಪ ಕೂತ. ಓಣಿ ಬಂತು. ಹೆಜ್ಜೆ ಸದ್ದು ಬಂತು. ಆತ ತಿರುಗಿ ನೋಡಿದ, ಆಟದಲ್ಲಲ್ಲ, ಕೂತ ಕುರ್ಚಿಯಲ್ಲೇ. ಹಿಂದೆ ನಿಂತಿದ್ದ ನಾನೂ ತಿರುಗಿ ನೋಡಿದೆ.

ಎದ್ದವನು ಗೋಡೆಗೆ ಬೆನ್ನು ಕೊಟ್ಟು, ಅಡ್ಡಡ್ಡ ನಡೆದು ಆಚೆ ಬಂದ.

"ಇದರ ಮುಂದೆ ನಾನೇ ಕೂರ್ಸಿ ಓಗಿದ್ನಲ್ಲಾ ಸಾ" ಅಂದ.

"ದಾರಿ ಬಿಟ್ಟವನು ನಾನು" ಅಂದೆ. ಆ ಸಿ.ಡಿ.ಯನ್ನು ಅವತ್ತೇ ನನ್ನ ಟ್ರಂಕಿಗೆ ಹಾಕಿ ಬೀಗ ಜಡಿದೆ.

ಸಂಜೆ ಬಸ್ಸಿಗೆ ಮೂವರೂ ಹತ್ತಿದೆವು. ನಾನು ಮಗಳ ಮನೆಗೆ ಹೊರಟಿದ್ದೆ. ಮೂವರು ಕೂರುವ ಸೀಟಿನಲ್ಲಿ ಕಿಟಕಿಗೆ ಮಗ, ನಡುವೆ ಅಪ್ಪ. ನಾನು ಕೂರಲು ಹೋದರೆ ಆತ ಅಂಚಿನ ಜಾಗದ ಮೇಲೆ ಅಂಗೈ ಊರಿ ಬೇಡವೆಂದು ತಲೆ ಆಡಿಸಿದ.

"ಅಪ್ಪೋ, ಹಿಂದೆ ನೋಡ್ತಾ ಇರ್ತೀಯಾ?" ಹುಡುಗ ಕೇಳಿದ.

"ನೀ ಮಲಿಕೊ ಮಗ. ನಾನ್ ನೋಡ್ಕೋತೀನಿ."

ಬಸ್ಸು ಊರು ದಾಟುವುದರೊಳಗೆ ಹುಡುಗ ಅಪ್ಪನ ಭುಜಕ್ಕೊರಗಿ ಗೊರಕೆ ಹೊಡೆಯುತ್ತಿದ್ದ.

ಕಂಡಕ್ಟರ್ ಬಂದ. "ತೆರಕಣಾಂಬಿ, ಮೂರು ಫುಲ್ಲು" ಅಂದ ಅಪ್ಪ.

"ಇಬ್ರೇ ಇದ್ದೀರಲ್ಲ?"

ಆತ ಖಾಲಿ ಜಾಗ ತೋರಿಸಿದ. ಅದೇ ಹಳೆಯ ಕಂಡಕ್ಟರ್. ಅರ್ಧ ಟಿಕೆಟಿನ ಗಿರಾಕಿಯನ್ನು ಮರೆತಿರಲಿಲ್ಲ. "ಅವರ ವಯಸ್ಸು?" ಅಂದ.

"ಹದ್ನೆಂಟು ತುಂಬೋಯ್ತು ಸಾ."

ತೆರಕಣಾಂಬಿಯಲ್ಲಿ ಅಪ್ಪ ನಿದ್ದೆಗಣ್ಣಿನ ಮಗನನ್ನು ಹೊತ್ತುಕೊಂಡೇ ಇಳಿದ. ಮೂರನೆಯವರು ಇಳಿದದ್ದನ್ನು ಯಾರೂ ನೋಡಲಿಲ್ಲ. ಸೀಟು ಪೂರ್ತಿ ಖಾಲಿ. ಕೂತ್ಕೊಳ್ಳಿ ಮೇಷ್ಟ್ರೇ ಎಂದು ಕಂಡಕ್ಟರ್ ಎರಡು ಸಲ ಹೇಳಿದ. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವನು ನಾನು. ಚಾಮರಾಜನಗರದವರೆಗೂ ನಿಂತೇ ಹೋದೆ.